ಎಂಟೂವರೆಯ ದೋಣಿ

ದೋಣಿಗಳು ಎರಡಿದ್ದವು. ಬೆಳಿಗ್ಗೆ ಎಂಟೂವರೆಗೆ ಹೊರಡುವುದು ಒಂದು, ಮಧ್ಯಾಹ್ನ ಎರಡೂವರೆಗೆ ಹೊರಡುವುದು ಇನ್ನೊಂದು. ನಾನು ಎರಡೂವರೆಯದನ್ನು ಆರಿಸಿದೆ. ಅಂಡಮಾನಿಗೆ ಹೋಗಿ, ಸಮುದ್ರದಲ್ಲಿ ಮುಖ ಮುಳುಗಿಸಿ, ಮೀನು ಹವಳ ನೋಡಿ ಬರುವುದಕ್ಕೆ ಯಾವ ದೋಣಿ ಹತ್ತಿದರೇನು ಎಂದು ಕೇಳುವವರು ಕೇಳಲಿ. ನನ್ನ ಮಟ್ಟಿಗೆ ಬದುಕಿನಲ್ಲಿ ಅದಕ್ಕಿಂತ ದೊಡ್ಡ ತಪ್ಪು ಮಾಡಿಲ್ಲ.

ನನ್ನ ಹೆಂಡತಿ ನನ್ನ ಅಕ್ಕನ ಮಗಳು. ಚಿಂತಾಮಣಿ ಹತ್ತಿರ, ಅಂಬಾಜಿದುರ್ಗದ ತಪ್ಪಲಲ್ಲಿ ಅಕ್ಕನ ಮನೆ, ಹಿಪ್ಪುನೇರಳೆ ತೋಟ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದೇನಲ್ಲ. ಅಕ್ಕ ಮದುವೆಯಾದದ್ದೂ ನಮ್ಮ ಸೋದರಮಾವನನ್ನೇ. ಹಾಗಾಗಿ ಅಕ್ಕನೇ ನನಗೆ ಅತ್ತೆ. ಮದುವೆಯಾಗಿ ಹದಿನೆಂಟು ವರ್ಷವಾದರೂ ನನ್ನವಳು ಚಿಕ್ಕಂದಿನಲ್ಲಿ ಕರೆದಂತೆ ನನ್ನನ್ನು "ಮಾವ" ಎಂದೇ ಕರೆಯುತ್ತಾಳೆ. ನಮಗೆ ಮಕ್ಕಳಿಲ್ಲ. ನಾನು ಶಿಡ್ಲಘಟ್ಟದ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು.

ಅವಳ ಕಣ್ಣಿನ ತೊಂದರೆಯನ್ನು ಮೊದಲು ತೋರಿಸಿಕೊಟ್ಟದ್ದು ರೇಷ್ಮೆಗೂಡು. ತವರಿನಲ್ಲಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಂದ ಗೂಡು ಬಿಡಿಸುವ ದಿನ ಅವಳು ತಪ್ಪದೆ ಹೋಗುತ್ತಿದ್ದಳು. ಬಿಡಿಸುತ್ತ ಬಿಡಿಸುತ್ತಲೇ ಕಲೆ ಬಿದ್ದ ಗೂಡನ್ನು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡನ್ನು ಬೇರೆ ಹಾಕಬೇಕು. ಇಲ್ಲದಿದ್ದರೆ ಮಾರುಕಟ್ಟೆಯಲ್ಲಿ ಇಡೀ ಲಾಟು ಕಳಪೆ ಅನ್ನಿಸಿಕೊಳ್ಳುತ್ತದೆ. ಆ ಕೆಲಸದಲ್ಲಿ ಅವಳನ್ನು ಮೀರಿಸಿದವರು ಮನೆಯಲ್ಲಿ ಯಾರೂ ಇರಲಿಲ್ಲ. ಒಂದು ಬೆಳೆಯಲ್ಲಿ ಅವಳ ಬುಟ್ಟಿಯ ತುಂಬ ಕಲೆಯ ಗೂಡುಗಳೇ ಸಿಕ್ಕಿದವು. "ಕಣ್ಣು ಎಲ್ಲಿಟ್ಟಿದ್ದೀಯೇ?" ಎಂದು ಅಕ್ಕ ಗದರಿದಳು. ಆ ಮಾತು ನೆನೆದು ಅಕ್ಕ ಈಗಲೂ ಕಣ್ಣೀರು ಹಾಕುತ್ತಾಳೆ.

ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಬಹಳ ಹೊತ್ತು ಪರೀಕ್ಷೆ ಮಾಡಿ, "ನಿಮ್ಮ ತಂದೆ ತಾಯಿ ಸಂಬಂಧದಲ್ಲೇ ಮದುವೆ ಆದವರಾ?" ಎಂದು ಕೇಳಿದರು. ಹೌದು ಎಂದಳು. ಅವರು ಒಂದು ಕಾಗದದ ಮೇಲೆ ವೃತ್ತ ಬರೆದು, ಅದರೊಳಗೆ ಇನ್ನೊಂದು ಸಣ್ಣ ವೃತ್ತ ಬರೆದು, ಅದರೊಳಗೆ ಒಂದು ಚುಕ್ಕೆ ಇಟ್ಟರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಒಣಗುತ್ತ ಬರುತ್ತಿದೆ, ನೋಟ ಹೀಗೇ ಕಿರಿದಾಗಿ ಚುಕ್ಕೆಯಷ್ಟಾಗುತ್ತದೆ, ಔಷಧಿ ಇಲ್ಲ, ಮಬ್ಬು ಬೆಳಕಿನಲ್ಲಿ ಈಗಲೇ ಕಾಣುತ್ತಿರಲಾರದು ಎಂದರು. "ನೋಡಬೇಕು ಅಂತ ಆಸೆ ಇರೋದನ್ನ ಬೇಗ ನೋಡಿಬಿಡಿ" ಎಂದು ಅವಳಿಗೇ ಹೇಳಿದರು, ನನಗಲ್ಲ.

ಅಕ್ಕ ತಿರುಪತಿ ಅಂದಳು. ಬಂಧುಗಳು ಕಾಶಿ, ರಾಮೇಶ್ವರ ಅಂದರು. ಇವಳು ಯಾರ ಮಾತಿಗೂ ಬಗ್ಗಲಿಲ್ಲ. "ತಿಮ್ಮಪ್ಪನ್ನ ಎಷ್ಟು ಸಲ ನೋಡಿಲ್ಲ? ಅವನು ಕಣ್ಣು ಮುಚ್ಚಿದ್ರೂ ಕಾಣ್ತಾನೆ. ನಂಗೆ ಸಮುದ್ರದ ಒಳಗಡೆ ನೋಡ್ಬೇಕು" ಎಂದಳು. ಸಮುದ್ರದ ಹುಚ್ಚು ಅವಳಿಗೆ ಹಿಡಿದದ್ದು ಮೊಬೈಲಿನಿಂದ. ಎಷ್ಟೋ ದಿನದಿಂದ ಊಟ ಮುಗಿಸಿ ಕೂತು ನೀರಿನೊಳಗಿನ ಹವಳದ ಗಿಡ, ಹಳದಿ ಮೀನುಗಳ ರೀಲ್ಸ್ ನೋಡುತ್ತಿದ್ದಳು. ಮೊಬೈಲನ್ನು ಕೈ ಚಾಚಿ ದೂರ ಹಿಡಿದರೆ ಅವಳ ಕಣ್ಣಿಗೆ ಉಳಿದಿದ್ದ ಸಣ್ಣ ವೃತ್ತದೊಳಗೆ ಅದು ಪೂರ್ತಿ ಕೂರುತ್ತಿತ್ತು. ಸಮುದ್ರವನ್ನೇ ನೋಡದ ಊರಿನವರು ನಾವು. ನಮಗೆ ಗೊತ್ತಿದ್ದ ದೊಡ್ಡ ನೀರು ಎಂದರೆ ಕೋಡಿ ಬಿದ್ದ ಕೆರೆ.

ಹೋಗೋದೇ ಆದರೆ ಸರಿಯಾಗಿ ಹೋಗೋಣ ಎಂದು ನಾನು ಮೇಷ್ಟ್ರ ಬುದ್ಧಿ ತೋರಿಸಿದೆ. ಒಂದು ನೋಟ್ ಬುಕ್ಕಿನಲ್ಲಿ ಗೆರೆ ಹೊಡೆದು, ಅಲ್ಲಿನ ಟೂರಿನವರನ್ನೆಲ್ಲ ಪಟ್ಟಿ ಮಾಡಿದೆ. ಲೈಫ್ ಜಾಕೆಟ್ ಕೊಡುತ್ತಾರೆಯೇ, ಕೈ ಹಿಡಿದು ಕರೆದೊಯ್ಯುವ ಗೈಡ್ ಇದ್ದಾನೆಯೇ, ಈಜು ಬಾರದವರನ್ನು ಇಳಿಸುತ್ತಾರೆಯೇ, ಹೋಗಿ ಬಂದವರು ಏನು ಬರೆದಿದ್ದಾರೆ. ಗಾಜಿನ ತಳದ ದೋಣಿಯೂ ಒಂದಿತ್ತು, ನೀರಿಗಿಳಿಯದೆ ಕೂತಲ್ಲೇ ಕೆಳಗೆ ನೋಡಬಹುದು. ಅದು ಬಸ್ಸಿನ ಕಿಟಕಿಯಿಂದ ಊರು ನೋಡಿದ ಹಾಗೆ, ಬೇಡ ಎಂದಳು. ಎರಡು ತಿಂಗಳು ನಾನು ಆ ಪಟ್ಟಿ ತಿದ್ದಿದೆ, ಕೆಂಪು ಇಂಕಿನಲ್ಲಿ ಅಂಕ ಕೊಟ್ಟೆ. ಇಷ್ಟೆಲ್ಲ ಕಾಲಂ ಹಾಕಿದ ಬೃಹಸ್ಪತಿ ಸಮಯಕ್ಕೆ ಅಂತ ಒಂದು ಕಾಲಂ ಹಾಕಲಿಲ್ಲ.

ಮುಖಕ್ಕೆ ಹಾಕುವ ಮಾಸ್ಕು, ಬಾಯಿಂದ ಉಸಿರೆಳೆಯುವ ಕೊಳವೆ ಎರಡನ್ನೂ ಆನ್‌ಲೈನಿನಲ್ಲಿ ತರಿಸಿದೆವು. ಅಕ್ಕನ ತೋಟದಲ್ಲಿ ಬೋರ್‌ವೆಲ್ ನೀರು ತುಂಬುವ ಸಿಮೆಂಟ್ ತೊಟ್ಟಿ ಇದೆ. ಅದರಲ್ಲಿ ಅವಳು ಅಭ್ಯಾಸ ಮಾಡಿದಳು. ಸೊಪ್ಪು ಕೊಯ್ಯುವ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ನಾನು ತೊಟ್ಟಿಯ ತಳಕ್ಕೆ ಸ್ಟೀಲ್ ಲೋಟ, ಗಾಜಿನ ಬಳೆ, ಒಂದು ಬದನೆಕಾಯಿಗೆ ಕಲ್ಲು ಕಟ್ಟಿ ಬಿಡುತ್ತಿದ್ದೆ. ಅವಳು ಮುಖ ಮುಳುಗಿಸಿ ಒಂದೊಂದನ್ನೇ ಹುಡುಕುತ್ತಿದ್ದಳು. ಮೇಲೆದ್ದು, "ಬಿಸಿಲು ನೆತ್ತಿ ಮೇಲಿದ್ರೆ ಬಳೆ ಬಣ್ಣಾನೂ ಕಾಣ್ತದೆ ಮಾವ. ಮೋಡ ಬಂದ್ರೆ ಲೋಟಾನೂ ಕಾಣಲ್ಲ" ಎಂದಳು. ಮಾಸ್ಕ್ ತೆಗೆದು ನನಗೆ ಹಾಕಿ, "ನೋಡು, ಇದನ್ನ ಹಾಕ್ಕೊಂಡ್ರೆ ಎಲ್ಲರ್ಗೂ ನನ್ನ ಥರಾನೇ ಕಾಣೋದು" ಎಂದು ನಕ್ಕಳು. ನಿಜ, ಅಕ್ಕಪಕ್ಕದ್ದೇನೂ ಕಾಣಲಿಲ್ಲ. ಆ ತೊಟ್ಟಿಯ ಪಕ್ಕ ಕಳೆದ ನಾಲ್ಕು ಭಾನುವಾರಗಳಷ್ಟು ಸಂತೋಷವಾಗಿ ನಾವು ಆಮೇಲೆ ಎಂದೂ ಇರಲಿಲ್ಲ.

ಮೇ ತಿಂಗಳ ಮೊದಲ ವಾರ, ಬೇಸಿಗೆ ರಜೆಯಲ್ಲಿ ಹೋದೆವು. ವಿಮಾನ ಇಳಿದು, ಹಡಗು ಹತ್ತಿ, ಇನ್ನೊಂದು ದ್ವೀಪ ಸೇರುವಾಗ ಭಾನುವಾರ ಮಧ್ಯಾಹ್ನ. ಮಂಗಳವಾರ ಬೆಳಿಗ್ಗೆ ವಾಪಸ್ ಹಡಗು. ನಮ್ಮ ಕೈಯಲ್ಲಿದ್ದದ್ದು ಸೋಮವಾರ ಒಂದೇ. ದಡದಲ್ಲಿ ಸಾಲಾಗಿ ಟೂರಿನವರ ಮೇಜುಗಳು, ಎಲ್ಲರೂ ಹಿಂದಿಯಲ್ಲಿ ಕೂಗುತ್ತಿದ್ದರು. ಒಂದು ಮೇಜಿನ ಹಿಂದೆ ಕೂತವನು ಫೋನಿನಲ್ಲಿ ತೆಲುಗು ಮಾತಾಡುತ್ತಿದ್ದ. ಅಷ್ಟೇ ಸಾಕಾಯಿತು. ನಮ್ಮ ಕಡೆಯವರಿಗೆ ದೂರದೂರಿನಲ್ಲಿ ತೆಲುಗು ಕಿವಿಗೆ ಬಿದ್ದರೆ ಚಿಂತಾಮಣಿ ಬಸ್‌ಸ್ಟ್ಯಾಂಡಿಗೆ ಬಂದಷ್ಟು ನೆಮ್ಮದಿ. ನನ್ನ ಎರಡು ತಿಂಗಳ ಪಟ್ಟಿ ಚೀಲದಲ್ಲೇ ಉಳಿಯಿತು. ಅವನ ಹತ್ತಿರ ಕೂತು, ಇವಳ ಕಣ್ಣಿನ ವಿಷಯ ಹೇಳಿ, ಎಂಟೂವರೆಯ ದೋಣಿಗೆ ಹೆಸರು ಬರೆಸಿದೆ. ಅವನು ಒಳ್ಳೆಯವನು. ಕೈ ಹಿಡಿದುಕೊಳ್ಳಲು ಪ್ರತ್ಯೇಕ ಗೈಡ್ ಕೊಡುತ್ತೇನೆಂದ.

ಸಂಜೆ ಅಕ್ಕ ಫೋನ್ ಮಾಡಿದಳು.

"ನಾಳೆ ಯಾವ ಹೊತ್ತಿಗೋ ನೀರಿಗಿಳಿಯೋದು?"

"ಎಂಟೂವರೆಗೆ ದೋಣಿ ಅಕ್ಕ."

"ಸೋಮವಾರ ಕಣೋ. ಏಳೂವರೆಯಿಂದ ಒಂಬತ್ತು ರಾಹುಕಾಲ. ಆ ಹೊತ್ತಲ್ಲಿ ಮಗೂನ ಕರ್ಕೊಂಡು ಸಮುದ್ರಕ್ಕೆ ಹೊರಡ್ತೀಯಾ? ಈಜು ಬರಲ್ಲ, ಕಣ್ಣೂ ಇಲ್ಲ. ನೀನು ನಂಬಬೇಡಪ್ಪ, ನನಗೋಸ್ಕರ ನೋಡು."

ಗ್ರಹಣದ ದಿನ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ನಿಲ್ಲಿಸಿ ಬಿಸ್ಕತ್ತು ತಿನ್ನಿಸಿದವನು ನಾನು. ರಾಹು ಎಂಬ ಗ್ರಹವೇ ಇಲ್ಲ, ಅದು ಬರೀ ಲೆಕ್ಕ ಎಂದು ಇಪ್ಪತ್ತು ವರ್ಷ ಪಾಠ ಹೇಳಿದವನು. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದು ಬೇರೆಯವರನ್ನು ಹೀಯಾಳಿಸುತ್ತಿದ್ದೆ. ಆ ಸಂಜೆ ನನಗೇ ಹೆದರಿಕೆಯಾಯಿತು. ನನ್ನ ಜೀವದ ಪ್ರಶ್ನೆಯಾಗಿದ್ದರೆ ನಕ್ಕುಬಿಡುತ್ತಿದ್ದೆ. ಇವಳಿಗೆ ಏನಾದರೂ ಆಗಿ, ಅಕ್ಕ "ನಾನು ಹೇಳಿರಲಿಲ್ವಾ" ಎಂದು ಎದುರು ನಿಂತರೆ ಏನು ಹೇಳಲಿ? ಇರುವುದು ಒಂದೇ ದಿನ, ಅದನ್ನು ಒಳ್ಳೆಯ ಗಳಿಗೆಯಲ್ಲೇ ಮಾಡಿದರೆ ಗಂಟೇನು ಹೋಗುತ್ತದೆ ಎಂದುಕೊಂಡೆ.

ಮತ್ತೆ ದಡಕ್ಕೆ ಹೋಗಿ ಹೆಸರನ್ನು ಎರಡೂವರೆಯ ದೋಣಿಗೆ ಬದಲಾಯಿಸಿದೆ. "ಮಧ್ಯಾಹ್ನಂ ವದ್ದು ಸಾರ್, ನೀಳ್ಳು ಬಾಗುಂಡವು" ಎಂದ ಅವನು. ಮಧ್ಯಾಹ್ನ ಬೇಡ, ನೀರು ಚೆನ್ನಾಗಿರುವುದಿಲ್ಲ ಅಂತ. ಅಷ್ಟು ಸ್ಪಷ್ಟವಾಗಿ, ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ. ನಾನು ಗೂಡಿನ ಮಾರುಕಟ್ಟೆ ನೋಡಿ ಬೆಳೆದವನು; ಮಾರುವವನು ಒಂದನ್ನೇ ಒತ್ತಿ ಒತ್ತಿ ಹೇಳಿದರೆ ಅದರಲ್ಲಿ ಏನೋ ಇದೆ ಅನ್ನುವ ಅನುಮಾನ ರಕ್ತದಲ್ಲೇ ಇದೆ. ಬೆಳಗಿನ ದೋಣಿ ತುಂಬಿಲ್ಲ, ಅದಕ್ಕೇ ಒತ್ತಾಯ ಮಾಡುತ್ತಿದ್ದಾನೆ ಎಂದು ಲೆಕ್ಕ ಹಾಕಿದೆ. ಅವನು ಭುಜ ಕುಣಿಸಿ ಚೀಟಿ ತಿದ್ದಿಕೊಟ್ಟ.

ಸೋಮವಾರ ಐದು ಗಂಟೆಗೆಲ್ಲ ಕೋಣೆಯ ಕಿಟಕಿಯಲ್ಲಿ ಸೂರ್ಯ ಬಂದಿದ್ದ. ಇವಳು ಎದ್ದು, ತಲೆ ಬಾಚಿ, ಮಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಆಗ್ಲೇ ಬಿಸಿಲು ಎಷ್ಟು ಚೆನ್ನಾಗಿದೆ ನೋಡು ಮಾವ. ಬೆಳಿಗ್ಗೇನೇ ಹೋಗಣ" ಎಂದಳು. ಮಧ್ಯಾಹ್ನಕ್ಕೆ ಬದಲಾಯಿಸಿದ್ದೇನೆ ಎಂದೆ. ರಾಹುಕಾಲ ಎಂದು ಹೇಳಲು ನಾಚಿಕೆಯಾಗಿ, ಬೆಳಿಗ್ಗೆ ಜನ ಜಾಸ್ತಿ ಎಂದು ಸುಳ್ಳು ಹೇಳಿದೆ. "ಅಮ್ಮ ಫೋನ್ ಮಾಡಿದ್ಳು ಅಲ್ವಾ?" ಎಂದಳು. ಚಹ ಕುಡಿದು ಬರೋಣ ಬಾ ಎಂದೆ. ಎಂಟೂವರೆಯ ದೋಣಿ ಹೊರಟಾಗ ನಾವು ದಡದಲ್ಲಿ ಚಹ ಕುಡಿಯುತ್ತಿದ್ದೆವು. ನೀರು ದಂಡೆಯವರೆಗೂ ತುಂಬಿತ್ತು. ಹೊತ್ತು ಕಳೆಯಲಿ ಎಂದು ಅವಳು ಮರಳಿನಲ್ಲಿ ಕಾಲು ತಡವುತ್ತ ಓಡಾಡಿದಳು.

ಎರಡೂವರೆಗೆ ದೋಣಿ ಹತ್ತುವಾಗ ನೀರು ಹಿಂದಕ್ಕೆ ಹೋಗಿತ್ತು. ದೋಣಿಯವರೆಗೆ ಮೊಣಕಾಲುದ್ದದ ಕೆಸರಿನಲ್ಲಿ ನಡೆದೆವು. ಪಶ್ಚಿಮದಲ್ಲಿ ಮೋಡ ಎದ್ದಿತ್ತು. ನಾಳೆಯಿಂದ ಗಾಳಿ ಜೋರಾಗುತ್ತದಂತೆ, ಮೂರು ದಿನ ಇಂಥ ಸಣ್ಣ ದೋಣಿ ಯಾವುದನ್ನೂ ಬಿಡುವುದಿಲ್ಲವಂತೆ ಎಂದು ಗೈಡ್ ದಾರಿಯಲ್ಲಿ ಹೇಳಿದ. ಇವಳು ಅದನ್ನು ಕೇಳಿಸಿಕೊಂಡಳು. ಹವಳದ ಜಾಗ ಸೇರಿದಾಗ ಸೂರ್ಯ ಓರೆಯಾಗಿ ಮೋಡದೊಳಗೆ ಇಳಿಯುತ್ತಿದ್ದ. ನಮಗಿಂತ ಮುಂಚೆ ಬಂದವರು ಅಲ್ಲೆಲ್ಲ ಕಾಲು ಬಡಿದು ಮರಳೆಬ್ಬಿಸಿದ್ದರು.

ಗೈಡ್ ಒಂದು ಕೈ, ನಾನೊಂದು ಕೈ ಹಿಡಿದು ಅವಳನ್ನು ನೀರಿಗೆ ಇಳಿಸಿದೆವು. ಎಷ್ಟು ಧೈರ್ಯವಾಗಿ ಇಳಿದಳು. ತೊಟ್ಟಿಯಲ್ಲಿ ಕಲಿತದ್ದನ್ನು ಒಂದೂ ಮರೆತಿರಲಿಲ್ಲ. ನಾನೂ ಮುಖ ಮುಳುಗಿಸಿದೆ. ಎಮ್ಮೆ ಇಳಿದೆದ್ದ ಕೆರೆಯ ನೀರಿದ್ದ ಹಾಗಿತ್ತು. ಕಂದು, ಬೂದು, ಮತ್ತೆ ಕಂದು. ನನ್ನ ಎರಡೂ ಕಣ್ಣು ನೆಟ್ಟಗಿವೆ, ನನಗೇ ಕೈ ಅಳತೆಯಾಚೆ ಏನೂ ಕಾಣುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ, ಕೊಂಬೆಯಂಥ ಏನೋ ಒಂದರ ಹಿಂದಿನಿಂದ ನೀಲಿ ಮೀನೊಂದು ಬಂತು. ಅಂಥ ನೀಲಿಯನ್ನು ನಾನು ಕಂಡಿರಲಿಲ್ಲ. ಅವಳ ಕೈ ಹಿಸುಕಿ, ತಲೆಯನ್ನು ಅತ್ತ ತಿರುಗಿಸಿ, ಬೆರಳು ತೋರಿಸಿದೆ. ಅವಳು ನೀರೊಳಗೇ ತಲೆಯಾಡಿಸಿದಳು. ಮೀನು ಹೋಯಿತು. ಇನ್ನೊಂದು ಬರಲಿಲ್ಲ.

ದೋಣಿಗೆ ಹತ್ತಿಸಿ, ಟವೆಲ್ ಹೊದಿಸಿ, "ನೋಡ್ದಾ?" ಎಂದು ಕೇಳಿದೆ. ಅವಳು ನನ್ನ ಮುಖವನ್ನು ತನ್ನ ಸಣ್ಣ ವೃತ್ತದೊಳಗೆ ಹುಡುಕಿಕೊಂಡು ಹೇಳಿದಳು.

"ನೋಡ್ದೆ ಮಾವ. ಎಷ್ಟು ಚೆನ್ನಾಗಿತ್ತು. ಹಳದಿ ಮೀನು."

ನಾನು ತೋರಿಸಿದ್ದು ನೀಲಿ. ನನಗೆ ಕಾಣದ ಹಳದಿ ಮೀನು ಅವಳಿಗೆ ಕಂಡಿರಬೇಕು ಎಂದು ನಂಬಿಕೊಂಡೆ. ನಂಬದೆ ಆ ದೋಣಿಯಲ್ಲಿ ಕೂತಿರಲು ಆಗುತ್ತಿರಲಿಲ್ಲ. ಐದೂವರೆಗೆಲ್ಲ ಅಲ್ಲಿ ಸೂರ್ಯ ಮುಳುಗಿಹೋದ. ಹೋಟೆಲ್ಲಿಗೆ ಹೋಗುವಾಗ ಅವಳು ನನ್ನ ತೋಳು ಹಿಡಿದು, ಪ್ರತಿ ಹೆಜ್ಜೆಯನ್ನೂ ತಡವಿ ಇಟ್ಟಳು.

ಊರಿಗೆ ಬಂದ ಮೇಲೆ ಯಾರು ಬಂದರೂ ಅವಳು ಸಮುದ್ರದ ಕಥೆ ಹೇಳಿದಳು. ಹವಳದ ಗಿಡ ಹೂಕೋಸಿನ ಹಾಗಿತ್ತು ಎಂದಳು, ಮೀನುಗಳು ಮದುವೆ ಮನೆಯ ಹೆಣ್ಣುಮಕ್ಕಳ ಹಾಗೆ ಗುಂಪು ಗುಂಪಾಗಿ ಬಂದವು ಎಂದಳು. ನಾನು ಪಕ್ಕದಲ್ಲಿ ಕೂತು ಹೂಂ ಅನ್ನುತ್ತಿದ್ದೆ. ಅವಳ ಕಥೆ ಒಂದೊಂದು ಸಲಕ್ಕೂ ದೊಡ್ಡದಾಗುತ್ತಿತ್ತು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಸಮಾಜದ ಮೇಷ್ಟ್ರ ಹುದ್ದೆ ಖಾಲಿಯಿದ್ದುದರಿಂದ ಒಂಬತ್ತನೆಯ ತರಗತಿಗೆ ಭೂಗೋಳವನ್ನೂ ನಾನೇ ಹೇಳುತ್ತಿದ್ದೆ. ರೇಖಾಂಶದ ಪಾಠ. ಪೂರ್ವಕ್ಕೆ ಹೋದಂತೆ ಸೂರ್ಯ ಬೇಗ ಹುಟ್ಟುತ್ತಾನೆ ಎಂದು ಬೋರ್ಡಿನ ಮೇಲೆ ಬರೆದೆ. ಬರೆಯುತ್ತಿದ್ದ ಹಾಗೆ ಆ ಸೋಮವಾರ ಐದಕ್ಕೆ ಕಿಟಕಿಯಲ್ಲಿದ್ದ ಬಿಸಿಲು ನೆನಪಾಯಿತು. ರಾಹುಕಾಲ ಅನ್ನುವುದು ಸೂರ್ಯ ಹುಟ್ಟಿದ ಹೊತ್ತಿನಿಂದ ಎಣಿಸುವ ಲೆಕ್ಕ. ಹಗಲನ್ನು ಎಂಟು ಪಾಲು ಮಾಡಿದರೆ ಸೋಮವಾರ ಎರಡನೆಯ ಪಾಲು ರಾಹುವಿಗೆ. ನಮ್ಮ ಗೋಡೆಯ ಕ್ಯಾಲೆಂಡರಿನ ಏಳೂವರೆಯಿಂದ ಒಂಬತ್ತು, ಆರಕ್ಕೆ ಹುಟ್ಟುವ ನಮ್ಮೂರ ಸೂರ್ಯನದು. ಅಲ್ಲಿ ಐದಕ್ಕೆ ಹುಟ್ಟಿದ ಸೂರ್ಯನಿಗೆ ಆರೂವರೆಯಿಂದ ಎಂಟು. ಎಂಟೂವರೆಯ ದೋಣಿ ಹೊರಟಾಗ ಅಕ್ಕನ ಶಾಸ್ತ್ರದ ಪ್ರಕಾರವೇ ರಾಹುಕಾಲ ಮುಗಿದು ಅರ್ಧ ಗಂಟೆಯಾಗಿತ್ತು. ಸಮುದ್ರದ ಉಬ್ಬರ ಇಳಿತವನ್ನಂತೂ ಚಂದ್ರನ ಚಿತ್ರ ಬರೆದು ಇಪ್ಪತ್ತು ವರ್ಷ ಹೇಳಿಕೊಟ್ಟಿದ್ದೇನೆ. ವಿಜ್ಞಾನ ಗೊತ್ತಿದ್ದೂ ಬಳಸಲಿಲ್ಲ, ಶಾಸ್ತ್ರವನ್ನೂ ನೆಟ್ಟಗೆ ಮಾಡಲಿಲ್ಲ. ಎರಡೂ ಕೆಟ್ಟವನು ನಾನು. ಮಕ್ಕಳಿಗೆ ಓದಿಕೊಳ್ಳಲು ಹೇಳಿ ಕುರ್ಚಿಯಲ್ಲಿ ಕೂತುಬಿಟ್ಟೆ.

ಆ ಭಾನುವಾರ ಅಕ್ಕನ ಮೇಲೆ ಹರಿಹಾಯಲೆಂದೇ ಅಂಬಾಜಿದುರ್ಗದ ಕಡೆಗೆ ಬೈಕ್ ಓಡಿಸಿಕೊಂಡು ಹೋದೆ. ಅಕ್ಕ ತೋಟದಲ್ಲಿದ್ದಳು. ನನ್ನನ್ನು ನೋಡಿದವಳೇ, ಪಕ್ಕದಲ್ಲಿದ್ದ ಹೆಂಗಸಿಗೆ, "ನನ್ನ ಮಾತು ಮೀರಲಿಲ್ಲ ಇವ್ನು. ಒಳ್ಳೆ ಗಳಿಗೇಲಿ ಇಳಿಸ್ದ. ನನ್ನ ಮಗಳು ಕಣ್ತುಂಬ ನೋಡ್ಕೊಂಡು ಬಂದ್ಳು ತಾಯಿ" ಎಂದು ಹೇಳಿ ನನ್ನ ಕೆನ್ನೆ ಸವರಿದಳು. ನಾನು ಕಾಫಿ ಕುಡಿದು ವಾಪಸ್ ಬಂದೆ. ಅಕ್ಕ ಹೇಳಿದಳು ನಿಜ. ಚೀಟಿ ಬದಲಾಯಿಸಿದ್ದು ನಾನು.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ ದೊಡ್ಡವರು. ಫಲಕ್ಕಾಗಿ ಯಾರು ಚಿಂತಿಸುತ್ತಾರೆ? ಬೆಳಿಗ್ಗೆ ಹಲ್ಲುಜ್ಜುವಾಗ ಆ ತುಂಬಿದ ನೀರು ಕಣ್ಣ ಮುಂದೆ ಬರುತ್ತದೆ, ಬರಬೇಡ ಅಂದರೆ ನಿಲ್ಲುವುದಿಲ್ಲ. ಇದಕ್ಕೆ ಮದ್ದಿಲ್ಲ ಎಂದು ಈಗ ಗೊತ್ತಾಗಿದೆ.

ಡಾಕ್ಟರಮ್ಮನ ಚುಕ್ಕೆ ನಾವಂದುಕೊಂಡದ್ದಕ್ಕಿಂತ ಬೇಗ ಮುಚ್ಚಿಕೊಂಡಿತು. ಮಾರನೆಯ ವರ್ಷದ ದೀಪಾವಳಿಗೆ ಅವಳಿಗೆ ದೀಪದ ಶಾಖ ತಿಳಿಯುತ್ತಿತ್ತೇ ಹೊರತು ಬೆಳಕು ತಿಳಿಯುತ್ತಿರಲಿಲ್ಲ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು. ಅಡುಗೆಮನೆಯ ಡಬ್ಬಿಗಳನ್ನು ತನಗೆ ಬೇಕಾದ ಹಾಗೆ ಜೋಡಿಸಿಕೊಂಡಳು, ಬಾಗಿಲುಗಳನ್ನು ಎಣಿಸಿಕೊಂಡಳು. ಸಮುದ್ರದ ಕಥೆ ಹೇಳುವುದನ್ನು ಮಾತ್ರ ನಿಲ್ಲಿಸಿದಳು.

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಮಧ್ಯಾಹ್ನ ಮನೆ ಮುಂದಿನ ಬಿಸಿಲಲ್ಲಿ ಚಾಪೆ ಹಾಸಿಕೊಂಡು ಇಬ್ಬರೂ ನೆನೆಸಿದ ಕಾಳು ಹಿತುಕುತ್ತ ಕೂತಿದ್ದೆವು. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ತಟ್ಟೆಗೆ ಹಾರುತ್ತದೆ. ಅವಳು ನನಗಿಂತ ಬೇಗ ಹಿತುಕುತ್ತಿದ್ದಳು, ಒಂದು ಬೇಳೆಯೂ ಹೊರಗೆ ಬೀಳುತ್ತಿರಲಿಲ್ಲ.

"ಮಾವ, ಅವತ್ತು ನೀರಲ್ಲಿ ನಂಗೇನೂ ಕಾಣ್ಲಿಲ್ಲ" ಎಂದಳು.

ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು. "ಅವತ್ತೇ ಯಾಕೆ ಹೇಳ್ಲಿಲ್ಲ? ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. ನನ್ನ ದನಿ ಜೋರಾಯಿತು.

"ಹೇಳಿದ್ರೆ ನಿನ್ನ ಮುಖ ನೋಡ್ಬೇಕಾಗಿತ್ತಲ್ಲ" ಎಂದಳು. "ಆಗಿನ್ನೂ ಕಾಣ್ತಿತ್ತು."

ತಟ್ಟೆಗೆ ಇನ್ನೊಂದು ಬೇಳೆ ಬಿತ್ತು. ನಾನು ಸದ್ದು ಬಾರದ ಹಾಗೆ ಅತ್ತೆ. ಅವಳು ಕೈ ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ನನ್ನ ಪಾಲಿನ ಕಾಳನ್ನೂ ತಡವಿ ತನ್ನ ಮಡಿಲಿಗೆ ಎಳೆದುಕೊಂಡಳು.